ಅವರೆಕಾಯಿ ವರ್ಷವಿಡೀ ಸಿಗುತ್ತದೆ, ಸೊಗಡು ಸಿಗುವುದಿಲ್ಲ

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "ಡಿಸೆಂಬರ್ ಸಂಚಿಕೆಯಲ್ಲಿ ಅವರೆಕಾಯಿ, ಕುಂಡದ ಸೊಪ್ಪು, ಮನೆಯ ಖಾರಾ ಬನ್ ಅಂತ ಪುಟಗಟ್ಟಲೆ ಹಾಕಿದ್ದೀರಿ. ಅವರೆ ಈಗ ವರ್ಷವಿಡೀ ಸಿಗುತ್ತದೆ. ಸುಲಿದ ಕಾಳೇ ಮನೆಬಾಗಿಲಿಗೆ ಬರುತ್ತದೆ. ಚಿಕ್ಕ ಬಾಲ್ಕನಿಯ ನಮ್ಮಂಥವರಿಗೆ ಈ ಸಂಭ್ರಮವೆಲ್ಲ ಯಾಕೆ?"

ನಮಸ್ಕಾರ. ವರ್ಷವಿಡೀ ಸಿಗುತ್ತದೆ ಅನ್ನುವುದು ನಿಜ, ಅದಕ್ಕೆ ಕಾರಣವೂ ಇದೆ. ನಮ್ಮ ನಾಟಿ ಅವರೆ ಹಗಲು ಕಿರಿದಾಗುವ ತನಕ ಹೂ ಬಿಡುವುದಿಲ್ಲ. ಮುಂಗಾರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುವೆ ಬೇರೆ ಬೆಳೆಗೆ ಬಿಡುವ ಸಾಲಿಗೆ, ಬಿತ್ತಿದರೂ ಕಾಯಿ ಕಾಣುವುದು ಚಳಿ ಬಂದ ಮೇಲೆಯೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಎಚ್‌ಎ-3, ಎಚ್‌ಎ-4 ಅಂತ ಹೆಬ್ಬಾಳ ಅವರೆ ತಳಿಗಳನ್ನು ತಂದರಲ್ಲ, ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ. ರೈತರಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಏಪ್ರಿಲ್‌ನ ಕಾಯನ್ನು ಮೂಗಿಗೆ ಹಿಡಿದು ನೋಡಿ, ಇಬ್ಬನಿ ಬಿದ್ದ ಕಾಯಿಯ ಘಮ ಅದರಲ್ಲಿ ಇರುವುದಿಲ್ಲ. ಕಾದು ತಿನ್ನುವುದರಲ್ಲಿ ರುಚಿ ಇದೆ ಅಂತ ನಾನು ಹೇಳುವುದು ಹಳೆಯ ಕಾಲದ ಮೋಹದಿಂದ ಅಲ್ಲ, ಸಾರು ಕುದಿಯುವಾಗ ಪಕ್ಕದ ಮನೆಯವರಿಗೂ ಗೊತ್ತಾಗುವ ವಿಷಯ ಅದು.

ಅದಕ್ಕೇ ಸುಲಿದ ಕಾಳು ಬೇಡ ಅನ್ನುತ್ತೇನೆ. ಸೊಗಡು ಇರುವುದು ಸಿಪ್ಪೆಯ ಜಿಡ್ಡಿನಲ್ಲಿ. ಬೆಳಗ್ಗೆ ಸಂತೆಯಲ್ಲಿ ಗೋಣಿಚೀಲ ಬಿಚ್ಚುವ ಹೊತ್ತಿಗೆ ಹೋಗಿ, ಒಂದು ಕಾಯಿ ಬೆರಳಲ್ಲಿ ಉಜ್ಜಿ. ಅಂಟಂಟಾಗಬೇಕು, ಕೈ ತೊಳೆದರೂ ವಾಸನೆ ಉಳಿಯಬೇಕು. ಕಾಳು ತುಂಬಿದ್ದನ್ನೇ ಆರಿಸಿ. ಒಂದೆರಡು ಹುಳ ಸಿಕ್ಕರೆ ಗಾಬರಿ ಬೇಡ. ಮಾರುವ ಅಮ್ಮನ ಹತ್ತಿರ ಮಾಗಡಿ ಕಡೆಯದಾ ಅಂತ ಕೇಳಿ, ಆಮೇಲೆ ಮಾತು ತಾನಾಗಿ ಬೆಳೆಯುತ್ತದೆ. ಮನೆಗೆ ಬಂದು ಎಲ್ಲರೂ ಸುತ್ತ ಕೂತು ಸುಲಿಯಿರಿ, ಟಿವಿ ನೋಡುತ್ತಲೇ ಆಗಲಿ. ಕಾಳನ್ನು ರಾತ್ರಿ ನೆನೆಹಾಕಿದರೆ ಬೆಳಗ್ಗೆ ಹಿತುಕಬಹುದು.

ಇನ್ನು ಬಾಲ್ಕನಿ. ನಾಲ್ಕೈದು ಗಂಟೆ ಬಿಸಿಲು ಬೀಳುತ್ತದಾ? ಹಾಗಿದ್ದರೆ ಸಾಕು. ಅಡುಗೆಮನೆ ಡಬ್ಬದ ಮೆಂತ್ಯವನ್ನೇ ರಾತ್ರಿ ನೆನೆಸಿ ಅಗಲವಾದ ಟಬ್ಬಿಗೆ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು. ವಾರದೊಳಗೆ ಹಸಿರು ಕಾಣುತ್ತದೆ, ತಿಂಗಳೊಳಗೆ ಕೊಯ್ಯಬಹುದು. ಸಬ್ಬಸಿಗೆ ಸ್ವಲ್ಪ ನಿಧಾನ, ಕಿತ್ತು ಬೇರೆಡೆ ನೆಟ್ಟರೆ ಮುನಿಸಿಕೊಳ್ಳುತ್ತದೆ, ಹಾಕಿದಲ್ಲೇ ಬಿಡಿ. ಆ ಸಬ್ಬಸಿಗೆಯನ್ನು ಹಸಿಮೆಣಸಿನಕಾಯಿ, ಈರುಳ್ಳಿ ಜೊತೆ ಸಣ್ಣಗೆ ಹೆಚ್ಚಿ ಖಾರಾ ಬನ್ ಹಿಟ್ಟಿಗೆ ಸೇರಿಸಿ. ಚಳಿಗೆ ಯೀಸ್ಟ್ ಬೇಗ ಏಳುವುದಿಲ್ಲ, ಪುಸ್ತಕದಲ್ಲಿ ಒಂದು ಗಂಟೆ ಅಂತಿದ್ದರೆ ಎರಡು ಗಂಟೆ ಬಿಡಿ. ಗಡಿಯಾರ ನೋಡಬೇಡಿ, ಹಿಟ್ಟು ಎರಡರಷ್ಟು ಉಬ್ಬಿದೆಯಾ ಅಂತ ನೋಡಿ. ಆಫ್ ಮಾಡಿದ ಓವನ್ನಿನೊಳಗೆ ಒಂದು ಬಟ್ಟಲು ಬಿಸಿನೀರಿನ ಜೊತೆ ಇಟ್ಟರೆ ಸ್ವಲ್ಪ ಬೇಗ ಆದೀತು.

ಇದಕ್ಕೆ ಹಿತ್ತಲೂ ಬೇಡ, ಜಾಸ್ತಿ ದುಡ್ಡೂ ಬೇಡ, ಅಲ್ವಾ?

ಸಂಕ್ರಾಂತಿಗೆ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸುವ ತನಕ ಸೊಗಡು ಚೆನ್ನಾಗಿರುತ್ತದೆ, ಆಮೇಲೆ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಈ ಭಾನುವಾರವೇ ಹೊರಡಿ. ಬಟ್ಟೆ ಚೀಲ ತೆಗೆದುಕೊಂಡು ಹೋಗಿ, ಪ್ಲಾಸ್ಟಿಕ್ಕಿನಲ್ಲಿ ಕಾಯಿ ಬೆವರುತ್ತದೆ.

- ಸಂಪಾದಕ