ಮಧ್ಯಾಹ್ನದ ಬುತ್ತಿ ಯಾರ ಜೊತೆ?

ಮಳೆ ಹಿಡಿದು ಕಾಲೇಜು ಶುರುವಾಯಿತೆಂದರೆ ಈ ಅಂಕಣಕ್ಕೆ ಹುಡುಗಿಯರ ಪತ್ರ ಹೆಚ್ಚು. ಬರೆಯುವವರ ಊರು, ತರಗತಿ ಬೇರೆ ಬೇರೆ. ಕೇಳುವುದು ಮಾತ್ರ ಒಂದೇ: ನನ್ನನ್ನು ಯಾಕೆ ಯಾರೂ ಸೇರಿಸಿಕೊಳ್ಳುವುದಿಲ್ಲ? ಅಂಥ ಕೆಲವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇವೆ.

ಪ್ರಶ್ನೆ: ಬೆಳ್ತಂಗಡಿ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಈಗ ಮಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಪ್ರಥಮ ಪಿಯು ಸೈನ್ಸ್ ಮಾಡುತ್ತಿದ್ದೇನೆ. ಕ್ಲಾಸಿನ ಹೆಚ್ಚಿನ ಹುಡುಗಿಯರು ಒಂದೇ ಇಂಗ್ಲಿಷ್ ಶಾಲೆಯಿಂದ ಬಂದವರು. ನಾನು ಹೋಗಿ ನಿಂತರೆ ಮಾತು ನಿಲ್ಲುತ್ತದೆ. ಊಟದ ಹೊತ್ತಿಗೆ ಲೈಬ್ರರಿ ಮೆಟ್ಟಿಲ ಹತ್ತಿರ ಒಬ್ಬಳೇ ಬುತ್ತಿ ಬಿಚ್ಚುತ್ತೇನೆ. ಎರಡು ತಿಂಗಳಾಯಿತು. ನನ್ನಲ್ಲೇ ಏನೋ ಕೊರತೆ ಉಂಟಾ?

ಉತ್ತರ: ಕೊರತೆ ಇರುವುದು ಗಂಟೆಗಳದ್ದು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಹೊಸದಾಗಿ ಕಾಲೇಜು ಸೇರಿದವರನ್ನೂ ಊರು ಬದಲಿಸಿದವರನ್ನೂ ಗಮನಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಇದ್ದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ, ಸ್ನೇಹಿತರು ಅನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕಿಂತ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕಾಯಿತು. ಒಂದೇ ಕೋಣೆಯಲ್ಲಿ ಪಾಠ ಕೇಳಿದ ಹೊತ್ತು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹರಟೆ, ಊಟ, ಸುತ್ತಾಟದ ಹೊತ್ತು ಬರುತ್ತದೆ. ದಿನಕ್ಕೆ ಅರ್ಧ ಗಂಟೆ ಊಟದ ಬಿಡುವು ಎಂದರೆ ವಾರಕ್ಕೆ 3 ಗಂಟೆ. ಅದೊಂದನ್ನೇ ನಂಬಿದರೆ 50 ಗಂಟೆಗೆ ನಾಲ್ಕು ತಿಂಗಳು ಬೇಕು. ಆ ಹುಡುಗಿಯರದ್ದು ಹಳೆಯ ಖಾತೆ, ಹೈಸ್ಕೂಲಿನಿಂದಲೂ ಜಮೆಯಾಗಿದೆ. ನಿನ್ನದು ಜೂನ್‌ನಲ್ಲಿ ತೆರೆದದ್ದು.

ಆರು ಜನರ ಗುಂಪಿಗೆ ನೇರ ಹೋಗಿ ಸೇರಲು ನೋಡುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಕೂತವರ ಪಕ್ಕ ನಿಂತುಕೊಂಡರೆ ಮಾತು ನಿಂತೇ ನಿಲ್ಲುತ್ತದೆ. ಏನೋ ಹೇಳಲಿಕ್ಕೆ ಬಂದಿದ್ದಾಳೆ ಎಂದು ಅವರು ಕಾಯುತ್ತಾರೆ, ನೀನು ಅವರು ಕರೆಯಲಿ ಎಂದು ಕಾಯುತ್ತೀ. ಗುಂಪನ್ನು ಬಿಡು, ಒಬ್ಬಳನ್ನು ಹುಡುಕು. ಬೆಂಚಿನ ಪಕ್ಕದವಳೋ, ಲ್ಯಾಬಿನಲ್ಲಿ ಜೊತೆಗಿರುವವಳೋ, ಒಂದೇ ಬಸ್ಸಿನವಳೋ. ಬಸ್ಸು ಎಲ್ಲಕ್ಕಿಂತ ಒಳ್ಳೆಯದು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಸಿಟಿ ಬಸ್ಸಿನಲ್ಲಿ ದಿನಾ ಒಂದೇ ಟೈಮಿಗೆ ಒಂದೇ ಬಾಗಿಲಲ್ಲಿ ಹತ್ತಿದರೆ ಹೋಗಿ ಬರುವ ಅರ್ಧ ಗಂಟೆ ತಾನಾಗಿ ಸಿಗುತ್ತದೆ. ಇಬ್ಬರೂ ಕಿಟಕಿಯಾಚೆ ನೋಡುತ್ತಾ ಮಾತಾಡಬಹುದು, ಮುಖ ನೋಡುವ ಸಂಕೋಚ ಇಲ್ಲ. ಇಳಿಯುವ ಸ್ಟಾಪ್ ಬಂದಾಗ ಮಾತು ತಾನೇ ಮುಗಿಯುತ್ತದೆ, ಮುಗಿಸುವುದು ಹೇಗೆಂಬ ಚಿಂತೆಯೂ ಇಲ್ಲ.

ಮಾತು ಶುರು ಮಾಡಲು ಹೌದು-ಅಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. "ರೆಕಾರ್ಡ್ ಬರೆದಾಯ್ತಾ?" ಎಂದರೆ "ಆಯ್ತು" ಎಂಬಲ್ಲಿಗೆ ಕತೆ ಮುಗಿಯಿತು. "ಯಾವ ಎಕ್ಸ್‌ಪೆರಿಮೆಂಟ್‌ವರೆಗೆ ಬಂತು?" ಎಂದು ಕೇಳು, ಬಂದ ಉತ್ತರದ ಮೇಲೆಯೇ ಇನ್ನೊಂದು ಕೇಳು. ಈ ಎರಡನೆಯ ಪ್ರಶ್ನೆಯೇ ಮುಖ್ಯ. ಹಾಗೆ ಕೇಳುವವರನ್ನು ಜನ ಹೆಚ್ಚು ಇಷ್ಟಪಡುತ್ತಾರೆ ಎಂದು ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ತೋರಿಸಿದ್ದಾರೆ. ಆದರೆ ಪ್ರಶ್ನೆ ಮೂರು ದಾಟಿದರೆ ವೈವಾ ಆಗಿಬಿಡುತ್ತದೆ. ನಡುವೆ ನಿನ್ನದೂ ಒಂದು ಮಾತು ಇರಲಿ.

ಬಸ್ಸಿನಲ್ಲಿ ವಾರ ಎರಡು ವಾರ ಮಾತಾದ ಮೇಲೆ ಊಟಕ್ಕೆ ಅವಳ ಹತ್ತಿರ ಹೋಗಿ "ಇಲ್ಲಿ ಕೂರ್ಲಾ?" ಎಂದು ಕೇಳಿ, ಉತ್ತರ ಬಂದ ಕೂಡಲೇ ಕೂತು ಬುತ್ತಿ ಬಿಚ್ಚು. ಮೊದಲ ದಿನಗಳಲ್ಲಿ ಜೋಕು ಹೇಳಬೇಕು, ಜಾಣತನ ತೋರಿಸಬೇಕು ಎಂದೆಲ್ಲ ಇಲ್ಲ, ಕೇಳಿಸಿಕೊಂಡು ನಕ್ಕರೆ ಸಾಕು. ಎರಡು ನಿಮಿಷ ಯಾರೂ ಮಾತಾಡಿಸದಿದ್ದರೆ ಎದ್ದು ಹೋಗಬೇಡ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯಲ್ಲಿ ಕೆಸುವಿನೆಲೆಯ ಪತ್ರೊಡೆ ಮಾಡಿದ್ದರೆ ನಾಲ್ಕು ತುಂಡು ಹೆಚ್ಚಿಗೆ ತಾ. ದಿನಾ ತರಬೇಡ, ಅದು ಕೂರಲಿಕ್ಕೆ ಕೊಟ್ಟ ಬಾಡಿಗೆಯ ಹಾಗೆ ಆಗುತ್ತದೆ.

ಹೊರಗೆ ಕರೆಯುವಾಗ ಜಾಗ, ದಿನ, ಕೆಲಸ ಮೂರೂ ಇರಬೇಕು. "ಯಾವಾಗಾದ್ರೂ ಸಿಗುವ" ಎಂದದ್ದು ಎಂದೂ ಆಗುವುದಿಲ್ಲ. "ಶನಿವಾರ ಕ್ಲಾಸ್ ಬಿಟ್ಟ ಮೇಲೆ ಗ್ರಾಫ್ ಬುಕ್ ತರ್ಲಿಕ್ಕೆ ಹಂಪನಕಟ್ಟೆಗೆ ಹೋಗ್ತೇನೆ, ಬರ್ತೀಯಾ?" ಎಂದರೆ ಆಗುತ್ತದೆ. "ಈ ಶನಿವಾರ ಆಗುದಿಲ್ಲ, ಸೋಮವಾರ ಹೋಗುವನಾ?" ಎಂದರೆ ಅದು ಒಪ್ಪಿಗೆಯೇ. ಬೇರೆ ದಿನ ಹೇಳದೆ ಎರಡು ಸಲ ಇಲ್ಲ ಎಂದರೆ ಅವಳನ್ನು ಬಿಟ್ಟು ಇನ್ನೊಬ್ಬಳನ್ನು ನೋಡು, ಮುನಿಸು ಬೇಡ.

ಇಂಗ್ಲಿಷಿನ ಅಳುಕಿನ ಬಗ್ಗೆ. ನೀನು ಬಾಯಿ ತೆರೆದರೆ ಇಡೀ ಕ್ಲಾಸ್ ನಿನ್ನ ತಪ್ಪನ್ನೇ ಹೆಕ್ಕುತ್ತದೆ ಎಂದು ನಿನಗೆ ಅನ್ನಿಸುತ್ತದೆ. 2000ದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರವಾಗುವ ಚಿತ್ರದ ಟೀ ಶರ್ಟ್ ಹಾಕಿಸಿ ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಚಿತ್ರ ಗಮನಿಸಿದ್ದಾರೆಂದು ಹಾಕಿಕೊಂಡವರು ಅಂದುಕೊಂಡಿದ್ದರು. ನಿಜವಾಗಿ ಗಮನಿಸಿದ್ದು ಸುಮಾರು ಕಾಲು ಭಾಗ. ನಿನ್ನ ವಯಸ್ಸಿನಲ್ಲಿ ಈ ಭ್ರಮೆ ಇನ್ನೂ ಜೋರು. ಪಾಠದ ಇಂಗ್ಲಿಷಿಗೆ ಮಾತ್ರ ಬೇರೆ ಮದ್ದು ಬೇಕು. ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ನಿನಗೆ ಗೊತ್ತು. ಆ್ಯಕ್ಸಲರೇಶನ್, ಫೋಟೋಸಿಂಥೆಸಿಸ್ ಎಂದು ಕೇಳಿದಾಗ ಕಿವಿ ತಡೆಯುತ್ತದೆ, ಅಷ್ಟೆ. ರಾತ್ರಿ ಹತ್ತು ಪದ ಎರಡೂ ಭಾಷೆಯಲ್ಲಿ ಬರೆದು ಗಟ್ಟಿಯಾಗಿ ಓದು. ಹಾಗೆಯೇ ಕನ್ನಡ ಮಾಧ್ಯಮದಿಂದ ಬಂದ ದ್ವಿತೀಯ ಪಿಯು ಅಕ್ಕ ಒಬ್ಬಳನ್ನು ಹುಡುಕಿ, ಮೊದಲ ವರ್ಷ ಹೇಗಿತ್ತು ಎಂದು ಕೇಳು. ಅಮೆರಿಕದ ಕಾಲೇಜೊಂದರಲ್ಲಿ ವಾಲ್ಟನ್ ಮತ್ತು ಕೋಹೆನ್ ಎಂಬ ಮನಃಶಾಸ್ತ್ರಜ್ಞರು ಹೊಸ ವಿದ್ಯಾರ್ಥಿಗಳಿಗೆ ಇಂಥದ್ದನ್ನೇ ಓದಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು: ಹಿರಿಯರಿಗೂ ಮೊದಲು ಹೀಗೇ ಅನ್ನಿಸಿತ್ತು, ಆಮೇಲೆ ಸರಿಯಾಯಿತು ಎಂಬ ಮಾತು. ಸುಮಾರು ಒಂದು ಗಂಟೆಯ ಆ ಪ್ರಯೋಗದಿಂದ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಅಂಕ ಮುಂದಿನ ಮೂರು ವರ್ಷವೂ ಏರಿತು.

ಪ್ರಶ್ನೆ: ನಾವು ಉಡುಪಿಯವರು. ಮಗಳು ಒಂಬತ್ತನೇ ಕ್ಲಾಸ್. ಗೆಳತಿಯರು ಇವಳನ್ನು ಬಿಟ್ಟು ಬೇರೆ ವಾಟ್ಸಾಪ್ ಗ್ರೂಪ್ ಮಾಡಿ ಮಲ್ಪೆ ಬೀಚಿಗೆ ಹೋಗಿದ್ದಾರೆ. ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ನೋಡಿ ಅತ್ತಳು. ರಾತ್ರಿ ಒಂದು ಗಂಟೆವರೆಗೆ ಫೋನ್. ಕಿತ್ತುಕೊಳ್ಳಲೇ? ಆ ಮಕ್ಕಳ ತಾಯಂದಿರ ಹತ್ತಿರ ಮಾತಾಡಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. "ಇಷ್ಟಕ್ಕೆಲ್ಲ ಅಳ್ತಾರಾ" ಎಂಬ ಮಾತಂತೂ ಬೇಡವೇ ಬೇಡ. ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಒಂದು ಆಟ ಉಂಟು. ಸ್ವಲ್ಪ ಹೊತ್ತಿನ ಮೇಲೆ ಉಳಿದವರು ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. 2003ರಲ್ಲಿ ಹೀಗೆ ಆಡಿಸುತ್ತಾ ಮಿದುಳಿನ ಸ್ಕ್ಯಾನ್ ಮಾಡಿದಾಗ, ಮೈ ನೋವಿನಲ್ಲಿ ಚುರುಕಾಗುವ ಭಾಗವೇ ಅಲ್ಲಿಯೂ ಚುರುಕಾಗಿತ್ತು. ಅದು ಗುರುತು ಪರಿಚಯ ಇಲ್ಲದವರ ಜೊತೆಗಿನ ಆಟ. ನಿಮ್ಮ ಮಗಳಿಗೆ ಆದದ್ದು ದಿನಾ ಜೊತೆಗೆ ಕೂರುವವರಿಂದ.

"ಬೇಜಾರಾಗುವಂಥದ್ದೇ" ಎಂದಷ್ಟೇ ಹೇಳಿ ಸುಮ್ಮನಿರಿ. ಆಮೇಲೆ ಕೇಳಿ: "ನಾನು ಕೇಳಿಸಿಕೊಂಡರೆ ಸಾಕಾ, ಏನಾದರೂ ಮಾಡಬೇಕಾ?" ಕೇಳಿಸಿಕೊಂಡರೆ ಸಾಕು ಎಂದರೆ ಸಲಹೆ ಕೊಡಬೇಡಿ. ಎದುರುಬದುರು ಕೂರಿಸಿ ವಿಚಾರಿಸಿದರೆ ಬಾಯಿ ಬಿಡದ ಮಕ್ಕಳು ಬಸಳೆ ಸೊಪ್ಪು ಬಿಡಿಸುವಾಗ, ಸ್ಕೂಟರಿನಲ್ಲಿ ಹಿಂದೆ ಕೂತಾಗ ಹೇಳುತ್ತಾರೆ.

ಫೋನ್ ಕಿತ್ತರೆ ಉಳಿದಿರುವ ಒಂದಿಬ್ಬರ ಸಂಪರ್ಕವೂ ಹೋಗುತ್ತದೆ. ಮುಂದಿನ ಸಲ ನೊಂದಾಗ ನಿಮಗೆ ಹೇಳುವುದೂ ಇಲ್ಲ. ಚಾರ್ಜರನ್ನು ಹಾಲ್‌ನಲ್ಲಿಡಿ, ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ ಅಲ್ಲಿಗೆ ಬರಲಿ, ಅಪ್ಪನದ್ದೂ ಸೇರಿ. ಅಪ್ಪನ ಫೋನ್ ಕೋಣೆಯೊಳಗೆ ಉಳಿದರೆ ಈ ನಿಯಮ ಮೂರು ದಿನವೂ ಬಾಳುವುದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆರಕ್ಕೆ ಏಳುವವಳು ಹತ್ತಕ್ಕೆ ಮಲಗಲೇಬೇಕು. ನಿದ್ದೆಗೆಟ್ಟ ಮರುದಿನ ಗೆಳತಿಯ ಸಪ್ಪೆ ಮುಖವೂ ಸಿಟ್ಟಿನದಾಗಿ ಕಾಣುತ್ತದೆ. ಆ ಹುಡುಗಿಯರನ್ನು ಬ್ಲಾಕ್ ಮಾಡಿದರೆ ಅದೇ ಇನ್ನೊಂದು ಜಗಳ. ಸ್ಟೋರಿ ಮ್ಯೂಟ್ ಮಾಡಿದರೆ ಅವರಿಗೆ ತಿಳಿಯುವುದಿಲ್ಲ, ಇವಳ ಕಣ್ಣಿಗೂ ಬೀಳುವುದಿಲ್ಲ.

ಒಂದು ಸಲ ಬಿಟ್ಟು ಹೋದರೆ ತಾಯಂದಿರು ನಡುವೆ ಬರಬಾರದು. ಮತ್ತೆ ಮತ್ತೆ ಆದರೆ, ಅಡ್ಡಹೆಸರು ಇಟ್ಟರೆ, ಫೋಟೋ ತಿದ್ದಿ ಹಂಚಿದರೆ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಕ್ಲಾಸ್ ಟೀಚರಿಗೆ ಬರವಣಿಗೆಯಲ್ಲಿ ಕೊಡಿ.

ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಕ್ಲಾಸಿನ ಹೊರಗಿನ ಎರಡನೆಯ ಗುಂಪು. ಅದೇ ಮುಖಗಳು ವಾರಕ್ಕೆ ಎರಡು ಸಲವಾದರೂ ಸೇರಬೇಕು, ಮೂರು ತಿಂಗಳಾದರೂ ನಡೆಯಬೇಕು, ಒಬ್ಬಳು ಬಾರದಿದ್ದರೆ ಉಳಿದವರ ಕೆಲಸ ನಿಲ್ಲಬೇಕು. ಟ್ಯೂಷನ್‌ನಲ್ಲಿ ಈ ಕೊನೆಯದ್ದು ಇಲ್ಲ. ವಾಲಿಬಾಲ್, ಗೈಡ್ಸ್, ಭಜನಾ ತಂಡದಲ್ಲಿ ಉಂಟು. ಯಕ್ಷಗಾನದಲ್ಲಂತೂ ಬೇಕಾದಷ್ಟು: ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಕಲಿಸುತ್ತದೆ, ಹುಡುಗಿಯರೂ ವೇಷ ಹಾಕುತ್ತಾರೆ. ಮಹಿಷಾಸುರ ಬಾರದಿದ್ದರೆ ದೇವಿ ಯಾರ ಜೊತೆ ಯುದ್ಧ ಮಾಡುವುದು? ಆದರೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂದು ಸರಿಯಾಗಿ ಒಂಬತ್ತರಲ್ಲೇ ಇದನ್ನೆಲ್ಲ ಬಿಡಿಸುವವರು ನಮ್ಮಲ್ಲಿ ತುಂಬ. ಮಾರ್ಕಿಗೂ ಅದರಿಂದ ಲಾಭವಿಲ್ಲ.

ಪ್ರಶ್ನೆ: ಕೊಪ್ಪಳದಿಂದ ಬಂದು ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದೇನ್ರಿ. ರೂಮಿನವರು ತುಳುವಿನಲ್ಲೇ ಮಾತಾಡ್ತಾರ, ನಾನು ಮಾತಾಡಿದ್ರ ನಗ್ತಾರ.

ಉತ್ತರ: ತುಳು ಅವರಿಗೆ ಅರಿವಿಲ್ಲದೆ ಬಾಯಿಗೆ ಬರುತ್ತದೆ, ನಿನ್ನಿಂದ ಮುಚ್ಚಿಡಲಿಕ್ಕಲ್ಲ. "ಕನ್ನಡದಾಗ ಹೇಳ್ರೇ, ನನಗೂ ಬೇಕದು" ಎಂದು ನಗುತ್ತಲೇ, ಆ ಹೊತ್ತಿಗೇ ಹೇಳು. ಮನಸ್ಸಿನಲ್ಲಿಟ್ಟು ತಿಂಗಳ ಮೇಲೆ ಹೇಳಿದರೆ ಜಗಳವಾಗುತ್ತದೆ. ನೀನೂ ನಾಲ್ಕು ಮಾತು ಕಲಿ: ಎಂಚ ಉಲ್ಲ (ಹೇಗಿದ್ದೀ), ಒಣಸ್ ಆಂಡಾ (ಊಟ ಆಯ್ತಾ), ಗೊತ್ತುಜ್ಜಿ (ಗೊತ್ತಿಲ್ಲ), ಬಲೆ (ಬನ್ನಿ). ತಪ್ಪು ತುಳುವಿಗೆ ಬರುವ ನಗು ಬೇರೆ, ಅದರಲ್ಲಿ ಸಲಿಗೆ ಇರುತ್ತದೆ. ಊರಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದರೆ ಗಾಳಿಯಾಡದ ಡಬ್ಬಿಯಲ್ಲಿಡು. ಇಲ್ಲಿಯ ಮಳೆಗಾಲದ ತೇವಕ್ಕೆ ರೊಟ್ಟಿ ಮೆತ್ತಗಾಗುತ್ತದೆ.

ಶನಿವಾರ ಮಧ್ಯಾಹ್ನ ಹತ್ತಿರದ ಊರಿನವರೆಲ್ಲ ಮನೆಗೆ ಹೋಗಿ ಹಾಸ್ಟೆಲ್ ಖಾಲಿಯಾಗುವ ಹೊತ್ತೇ ಕಷ್ಟದ್ದು. ಯಾರ್ಯಾರು ಉಳಿಯುತ್ತಾರೆಂದು ಶುಕ್ರವಾರವೇ ಕೇಳಿಟ್ಟುಕೋ. ಭಾನುವಾರ ಬೆಳಿಗ್ಗೆ ಅವರ ಜೊತೆ ಬಟ್ಟೆ ಒಗೆಯುವುದಾದರೂ ಸರಿ.

ಪ್ರಶ್ನೆ: 16 ವರ್ಷ. ನಮ್ಮ ಗ್ಯಾಂಗಿನಲ್ಲಿರಬೇಕಾದರೆ ಪ್ರತಿ ಬರ್ತ್‌ಡೇಗೆ 500 ರೂಪಾಯಿ ಹಾಕಬೇಕು, ಮನೆಯಲ್ಲಿ ಸುಳ್ಳು ಹೇಳಬೇಕು. ಈಗ ಅವರ ಪರಿಚಯದ ಹುಡುಗನೊಬ್ಬ ಒಂಥರಾ ಫೋಟೋ ಕೇಳುತ್ತಿದ್ದಾನೆ. ಕಳಿಸದಿದ್ದರೆ ಗ್ಯಾಂಗಿನಿಂದ ಹೊರಗೆ ಎನ್ನುತ್ತಾರೆ.

ಉತ್ತರ: ಕಳಿಸಬೇಡ. 18ರೊಳಗಿನವರ ಅಂಥ ಫೋಟೋ ಕೇಳುವುದು, ಇಟ್ಟುಕೊಳ್ಳುವುದು, ಹಂಚುವುದು ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಡಿಯೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿಯೂ ಅಪರಾಧ. "ನಾನು ಕಳಿಸುದಿಲ್ಲ" ಎಂದಷ್ಟೇ ಹೇಳು. "ಫೋನ್ ಸರಿಯಿಲ್ಲ", "ಅಮ್ಮ ನೋಡ್ತಾರೆ" ಎಂದೆಲ್ಲ ಕಾರಣ ಕೊಟ್ಟರೆ ಆ ಕಾರಣಕ್ಕೊಂದು ಪರಿಹಾರ ತಂದು ಮತ್ತೆ ಕೇಳುತ್ತಾರೆ.

ಈಗಾಗಲೇ ಕಳಿಸಿದ್ದರೆ ಹೆದರಿ ಚಾಟ್ ಅಳಿಸಬೇಡ. ಎಲ್ಲರೂ ಮೊದಲು ಮಾಡುವುದು ಅದನ್ನೇ, ಅದರ ಜೊತೆ ಸಾಕ್ಷ್ಯವೂ ಹೋಗುತ್ತದೆ. ಯೂಸರ್‌ನೇಮ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡು. ಬೆದರಿಸಿ ಹಣ ಕೇಳಿದರೆ ಒಂದು ರೂಪಾಯಿಯೂ ಕೊಡಬೇಡ; ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಅಮ್ಮ, ಅತ್ತೆ, ಟೀಚರ್ ಯಾರಾದರೂ ಒಬ್ಬರು ದೊಡ್ಡವರಿಗೆ ಇವತ್ತೇ ಹೇಳು. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೂ ಉಂಟು. ಫೋಟೋ ನಿನ್ನ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಅದನ್ನಿಟ್ಟು ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥವು ಆ ಚಿತ್ರವನ್ನು ಹುಡುಕಿ ತೆಗೆಯಬಲ್ಲವು.

500 ರೂಪಾಯಿಯ ವಿಷಯ ಸುಲಭ. "ನನ್ನಿಂದ 50 ಆಗ್ತದೆ" ಎಂದು ಹೇಳಿ ಎರಡು ವಾರ ನೋಡು. ಮೊದಲ ದಿನ ಗೊಣಗುವುದು ಸಹಜ. ಎರಡು ವಾರವೂ ನಿನ್ನ ಜೊತೆ ಕೂರುವವಳು ಯಾರೋ ಇದ್ದರೆ ಅವಳನ್ನು ಉಳಿಸಿಕೋ, ಗ್ಯಾಂಗಿನ ಚಿಂತೆ ಬಿಡು.

ಪ್ರಶ್ನೆ: ಸಾಮಾನ್ಯ ಬೇಸರ ಯಾವುದು, ಡಾಕ್ಟರಿಗೆ ತೋರಿಸಬೇಕಾದದ್ದು ಯಾವುದು? (ತಂದೆ, ಕಾರ್ಕಳ)

ಉತ್ತರ: ಎರಡು ವಾರಕ್ಕೂ ಮೀರಿ ಹೆಚ್ಚಿನ ದಿನಗಳಲ್ಲಿ ಮಂಕಾಗಿದ್ದರೆ, ಮೊದಲು ಇಷ್ಟವಿದ್ದದ್ದೂ ಬೇಡವಾದರೆ, ಊಟ ನಿದ್ದೆ ಕೆಟ್ಟರೆ, ಕಾಲೇಜಿಗೆ ಹೋಗಲೊಪ್ಪದಿದ್ದರೆ ತೋರಿಸಿ. ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ ಎರಡು ವಾರ ಕಾಯುವುದಲ್ಲ, ಅದೇ ದಿನ, ಒಬ್ಬಳನ್ನೇ ಬಿಡಬೇಡಿ. "ಸಾಯಬೇಕು ಅನ್ನಿಸ್ತದಾ?" ಎಂದು ನೇರ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಉಡುಪಿಯ ಜಿಲ್ಲಾಸ್ಪತ್ರೆಗೋ ಹೋಗಬಹುದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಹಿಮೋಗ್ಲೋಬಿನ್ ಕೂಡ ಒಮ್ಮೆ ನೋಡಿಸಿ. ಈ ವಯಸ್ಸಿನ ಹುಡುಗಿಯರಲ್ಲಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅದರ ಸುಸ್ತು ನೋಡುವವರಿಗೆ ಸೋಮಾರಿತನದಂತೆ, ಬೇಸರದಂತೆ ಕಾಣುತ್ತದೆ.

ಪ್ರಶ್ನೆ: ನಾನು ಉಪನ್ಯಾಸಕಿ. ಕ್ಲಾಸಿನಲ್ಲಿ ಒಂಟಿಯಾಗುವ ಹುಡುಗಿಗೆ ನಾನೇನು ಮಾಡಬಹುದು?

ಉತ್ತರ: "ನಿಮಗೆ ಬೇಕಾದವರ ಜೊತೆ ಗ್ರೂಪ್ ಮಾಡಿಕೊಳ್ಳಿ" ಎಂದು ಹೇಳುವುದನ್ನು ಬಿಡಿ. ಕೊನೆಗೆ ಉಳಿಯುವವಳು ಯಾರೆಂದು ಇಡೀ ಕ್ಲಾಸಿಗೆ ಕಾಣಿಸುವ ಪದ್ಧತಿ ಅದು. ಲ್ಯಾಬಿಗೆ ಹಾಜರಿ ಸಂಖ್ಯೆಯ ಮೇಲೆ ಜೋಡಿ ಮಾಡಿ, ಆರು ವಾರಕ್ಕೊಮ್ಮೆ ಬದಲಿಸಿ. ವಾರಕ್ಕೊಮ್ಮೆ ಬದಲಿಸಿದರೆ ಗುರುತು ಹತ್ತುವ ಮೊದಲೇ ಜೋಡಿ ಮುರಿಯುತ್ತದೆ. ನಾಲ್ವರ ಪ್ರಾಜೆಕ್ಟಿನಲ್ಲಿ ಪ್ರತಿಯೊಬ್ಬಳಿಗೂ ಉಳಿದವರಿಗೆ ಬೇಕೇ ಬೇಕಾದ ಒಂದೊಂದು ಭಾಗ ಕೊಡಿ: ಅಳತೆ ಒಬ್ಬಳದು, ಲೆಕ್ಕ ಒಬ್ಬಳದು, ಗ್ರಾಫ್ ಒಬ್ಬಳದು, ಮಂಡನೆ ಒಬ್ಬಳದು. "ಪಾಪ, ಇವಳನ್ನೂ ಸೇರಿಸಿಕೊಳ್ಳಿ" ಎಂದು ಎಲ್ಲರೆದುರು ಮಾತ್ರ ಹೇಳಬೇಡಿ. ಒಳ್ಳೆಯ ಮನಸ್ಸಿನ ಹುಡುಗಿಯೊಬ್ಬಳನ್ನು ಸ್ಟಾಫ್ ರೂಮಿನ ಹೊರಗೆ ಕರೆದು, ನಾಳೆ ಊಟಕ್ಕೆ ಅವಳ ಜೊತೆ ಕೂರುತ್ತೀಯಾ ಎಂದು ಕೇಳಿ.