ಪದ ವಿಚಾರ: ಪಾಲಿಯ ‘ದೋಸ’ ಸಂಸ್ಕೃತದ ದೋಷವೇ?

ಪ್ರಶ್ನೆ: ಸಂಸ್ಕೃತ ಓದಿಕೊಂಡಿದ್ದೇನೆ. ಈಗ ಬೌದ್ಧರ ಗಾಥಾಸಂಗ್ರಹವಾದ ಧಮ್ಮಪದವನ್ನು ಅದರ ಮೂಲ ಭಾಷೆ ಪಾಲಿಯಲ್ಲೇ ಓದಲು ಹೊರಟಿದ್ದೇನೆ. ಪಾಲಿ ಪದವನ್ನು ಸಂಸ್ಕೃತಕ್ಕೆ ತಿರುಗಿಸಿಕೊಳ್ಳಲು ಕ್ರಮವಿದೆಯೇ? ಒಂದೇ ಪದಕ್ಕೆ ಎರಡು ಮೂರು ಸಂಸ್ಕೃತ ರೂಪ ಹೊಳೆದರೆ ಏನು ಮಾಡುವುದು?

ಉತ್ತರ: ಕ್ರಮವಿದೆ. ಮೊದಲು ಸ್ವರ ನೋಡಿ. ಪಾಲಿಯಲ್ಲಿ ಋ, ಐ, ಔ ಇಲ್ಲ. ಋ ಇದ್ದಲ್ಲಿ ಅ, ಇ, ಉಗಳಲ್ಲಿ ಒಂದು ಬರುತ್ತದೆ: ಕೃತ ‘ಕತ’ವಾಗಿದೆ, ಋಷಿ ‘ಇಸಿ’, ಋತು ‘ಉತು’. ಐ ಏಕಾರಕ್ಕೂ ಔ ಓಕಾರಕ್ಕೂ ಇಳಿಯುತ್ತವೆ. ಗೌತಮ ಗೋತಮನಾದದ್ದು ಹೀಗೆ. ಶ, ಷ, ಸ ಮೂರಕ್ಕೂ ಒಂದೇ ಸ.

ಆಮೇಲೆ ಒತ್ತಕ್ಷರ. ಬೇರೆ ಬೇರೆ ವ್ಯಂಜನ ಕೂಡಿದ್ದರೆ ಸಾಮಾನ್ಯವಾಗಿ ಸಜಾತಿ ಒತ್ತಾಗುತ್ತದೆ: ಧರ್ಮ–ಧಮ್ಮ, ಸಪ್ತ–ಸತ್ತ. ತ್ಯ ಇದ್ದಲ್ಲಿ ಚ್ಚ (ಸತ್ಯ–ಸಚ್ಚ), ದ್ಯಕ್ಕೆ ಜ್ಜ (ವಿದ್ಯಾ–ವಿಜ್ಜಾ), ಧ್ಯಕ್ಕೆ ಜ್ಝ (ಮಧ್ಯಮ–ಮಜ್ಝಿಮ), ಜ್ಞಕ್ಕೆ ಞ್ಞ (ಪ್ರಜ್ಞಾ–ಪಞ್ಞಾ), ರ್ವಕ್ಕೆ ಬ್ಬ (ಸರ್ವ–ಸಬ್ಬ). ಕ್ಷ ಮಾತ್ರ ಕೆಲವೆಡೆ ಕ್ಖ, ಕೆಲವೆಡೆ ಚ್ಛ. ಕಣ್ಣಿಗೆ ‘ಅಕ್ಖಿ’, ‘ಅಚ್ಛಿ’ ಎರಡೂ ಸಿಗುತ್ತವೆ. ಬ್ರಾಹ್ಮಣದಂಥ ಕೆಲವು ಪದಗಳನ್ನು ಬಿಟ್ಟರೆ ಮೊದಲಕ್ಷರದಲ್ಲಿ ಒತ್ತು ನಿಲ್ಲುವುದಿಲ್ಲ: ಸ್ಥಾನ ‘ಠಾನ’, ಧ್ಯಾನ ‘ಝಾನ’. ಒತ್ತಿನ ಹಿಂದಿನ ದೀರ್ಘ ಸಾಮಾನ್ಯವಾಗಿ ಹ್ರಸ್ವವಾಗುತ್ತದೆ: ಮಾರ್ಗ ‘ಮಗ್ಗ’, ರಾತ್ರಿ ‘ರತ್ತಿ’.

ತೊಡಕು ಹುಟ್ಟುವುದೂ ಈ ನಿಯಮಗಳಿಂದಲೇ. ಪಾತ್ರ, ಪತ್ರ, ಪ್ರಾಪ್ತ ಮೂರೂ ಪಾಲಿಯಲ್ಲಿ ‘ಪತ್ತ’. ಭಿಕ್ಷುವಿನ ಕೈಯಲ್ಲಿದ್ದರೆ ಭಿಕ್ಷಾಪಾತ್ರೆ, ಮರದಲ್ಲಿದ್ದರೆ ಎಲೆ, ‘ಗತಿಯನ್ನು ಮುಟ್ಟಿದ’ ಎಂಬಂಥ ಕಡೆ ಪ್ರಾಪ್ತ. ‘ಸತ್ತ’ ಇನ್ನೂ ಕಷ್ಟ: ಏಳು (ಸಪ್ತ), ಜೀವಿ (ಸತ್ತ್ವ), ಅಂಟಿಕೊಂಡವನು (ಸಕ್ತ). ಹೀಗಾಗಿಯೇ ಬೋಧಿಸತ್ತ ಎಂದರೆ ಬೋಧಿಸತ್ತ್ವನೋ ಬೋಧಿಯಲ್ಲಿ ಆಸಕ್ತನೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇದ್ದೇ ಇದೆ.

ಇನ್ನು ‘ದೋಸ’. ಇದು ದೋಷವೂ ಹೌದು, ದ್ವೇಷವೂ ಹೌದು. ಲೋಭ, ದೋಸ, ಮೋಹ ಎಂದು ಮೂರು ಜೊತೆಯಾಗಿ ಬಂದರೆ ಅದು ದ್ವೇಷವೇ; ‘ದೋಷ’ ಎಂದು ಅನುವಾದಿಸಿದರೆ ಪಟ್ಟಿಯೇ ಕೆಡುತ್ತದೆ. ಧಮ್ಮಪದದ 357ನೆಯ ಗಾಥೆಯಲ್ಲಿ ಎರಡೂ ಒಂದೇ ಸಮಾಸದಲ್ಲಿವೆ: ‘ತಿಣದೋಸಾನಿ ಖೇತ್ತಾನಿ, ದೋಸದೋಸಾ ಅಯಂ ಪಜಾ’. ಹೊಲಕ್ಕೆ ಕಳೆಯೇ ಕೇಡು, ಈ ಜನಕ್ಕೆ ದ್ವೇಷವೇ ಕೇಡು ಎಂದರ್ಥ. ಸಂಸ್ಕೃತಕ್ಕೆ ತಿರುಗಿಸಿದರೆ ‘ದ್ವೇಷದೋಷಾ’ ಆಗುತ್ತದೆ, ಪಾಲಿಯ ಸೊಗಸು ಹೋಗುತ್ತದೆ.

‘ದೀಪ’ದಲ್ಲಿ ಎಡವುವವರು ಇನ್ನೂ ಹೆಚ್ಚು. ದೀಪವೂ ದ್ವೀಪವೂ ಪಾಲಿಯಲ್ಲಿ ಒಂದೇ ರೂಪ. 25ನೆಯ ಗಾಥೆಯಲ್ಲಿ ಜಾಣನು ಕಟ್ಟಿಕೊಳ್ಳಬೇಕಾದ ‘ದೀಪ’ವನ್ನು ‘ಓಘ’, ಅಂದರೆ ಪ್ರವಾಹ, ಮುಳುಗಿಸಲಾರದು. ಅಲ್ಲಿಗೆ ದ್ವೀಪವೆಂದು ಖಚಿತ. ಬುದ್ಧನ ಕೊನೆಯ ದಿನಗಳನ್ನು ಹೇಳುವ ಮಹಾಪರಿನಿಬ್ಬಾನ ಸುತ್ತದ ‘ಅತ್ತದೀಪಾ ವಿಹರಥ’ ಎಂಬ ಮಾತನ್ನು ‘ನಿಮಗೆ ನೀವೇ ಬೆಳಕಾಗಿ’ ಎಂದು ಹೇಳುವುದು ರೂಢಿ. ಆದರೆ ಪಾಲಿ ಅಟ್ಠಕಥೆ, ಅಂದರೆ ವ್ಯಾಖ್ಯಾನ, ದ್ವೀಪವೆಂದೇ ವಿವರಿಸುತ್ತದೆ, ಸಂಸ್ಕೃತ ಪಾಠದಲ್ಲೂ ‘ಆತ್ಮದ್ವೀಪ’ ಎಂದಿದೆ. ಬೆಳಕಿನ ಅರ್ಥ ಚೆಂದವಾಗಿದೆ, ನಿಜ. ಚೆಂದವಾಗಿರುವುದಷ್ಟೇ ಸಾಕಾಗದು.

ಪ್ರಶ್ನೆ: ವಿಪಶ್ಯನಾ ಶಿಬಿರದಲ್ಲಿ ‘ಸುಖದ ವೇದನೆ’ ಎಂದರು. ವೇದನೆಯಲ್ಲಿ ಸುಖವೆಲ್ಲಿಂದ?

ಉತ್ತರ: ಕನ್ನಡದಲ್ಲಿ ವೇದನೆ ನೋವಿಗೆ ಸೀಮಿತವಾಗಿದೆ. ಪಾಲಿಯಲ್ಲಿ ‘ವೇದನಾ’ ಎಂದರೆ ಅನುಭವಕ್ಕೆ ಬರುವುದು ಯಾವುದೂ: ಸುಖ, ದುಃಖ, ಎರಡೂ ಅಲ್ಲದ್ದು. ವೇದನಾ ಸೇರಿರುವ ಪಂಚಸ್ಕಂಧಗಳ (ಬೌದ್ಧರು ವ್ಯಕ್ತಿಯನ್ನು ವಿಂಗಡಿಸಿ ನೋಡುವ ಐದು ಗುಂಪುಗಳ) ಪಟ್ಟಿಯೇ ಕನ್ನಡಿಗರಿಗೆ ಒಂದು ಬಲೆ. ಸಞ್ಞಾ ನಮ್ಮ ಕೈಸನ್ನೆಯ ಸಂಜ್ಞೆಯಲ್ಲ, ಗುರುತು ಹಿಡಿಯುವ ಬಗೆ. ಸಙ್ಖಾರ ಮನೆತನದ ಸಂಸ್ಕಾರವಲ್ಲ, ಷೋಡಶ ಸಂಸ್ಕಾರವೂ ಅಲ್ಲ, ಚಿತ್ತವನ್ನು ರೂಪಿಸುವ ಕ್ರಿಯೆಗಳು. ವಿಞ್ಞಾಣ ಪ್ರಯೋಗಾಲಯದ ವಿಜ್ಞಾನವಲ್ಲ, ಅರಿವು.

ಅತಿ ಹೆಚ್ಚು ಹಾನಿ ಮಾಡುವುದು ‘ಉಪೇಕ್ಖಾ’. ಕನ್ನಡದ ಉಪೇಕ್ಷೆ ಕಡೆಗಣಿಸುವುದು. ಪಾಲಿಯಲ್ಲಿ ಅದು ಮೆತ್ತಾ, ಕರುಣಾ, ಮುದಿತಾಗಳ ಜೊತೆ ನಿಲ್ಲುವ ಸಮಚಿತ್ತ. ಅನುವಾದ ಮಾಡುವವರು ಸಂಸ್ಕೃತ ರೂಪವನ್ನೇ ಇಟ್ಟು ಸುಮ್ಮನಾಗಬಾರದು. ‘ಆಸವ’ವನ್ನೂ ಆಯುರ್ವೇದದ ಸೀಸೆಯಾಗಿ ಓದಿಬಿಡಬೇಡಿ. ಕಾಮಾಸವ, ಭವಾಸವ, ಅವಿಜ್ಜಾಸವ ಎಂಬಲ್ಲಿ ಅದು ಆಸ್ರವ. ಜೈನ ಶಾಸ್ತ್ರ ಬಲ್ಲವರಿಗೆ ಪದ ಪರಿಚಿತವೇ, ಆದರೆ ಅವರ ಆಸ್ರವ ಕರ್ಮ ಒಳಹರಿಯುವುದು. ಬೌದ್ಧರದ್ದು ಚಿತ್ತದ ಕೊಳೆ.

ಪ್ರಶ್ನೆ: ಅಚ್ಚರಿ, ಸಕ್ಕರೆ, ಬಿಜ್ಜೆ, ಸಂಜೆ ಇವೆಲ್ಲ ಪಾಲಿಗೆ ಹತ್ತಿರವಿವೆ. ನಮ್ಮ ತದ್ಭವಗಳು ಪಾಲಿಯಿಂದ ಬಂದವೇ?

ಉತ್ತರ: ಹೋಲಿಕೆ ನಿಜ: ಅಚ್ಛರಿಯ, ಸಕ್ಖರಾ, ವಿಜ್ಜಾ, ಸಞ್ಝಾ. ಆದರೆ ಈ ಬದಲಾವಣೆಗಳು ಪ್ರಾಕೃತಗಳಿಗೆಲ್ಲ ಬಹುಮಟ್ಟಿಗೆ ಸಾಮಾನ್ಯ. ಪರೀಕ್ಷೆಗೆ ಪದದ ಮೊದಲ ಯಕಾರ ಹಿಡಿಯಿರಿ. ಪಾಲಿ ಅದನ್ನು ಉಳಿಸಿಕೊಳ್ಳುತ್ತದೆ: ಯಸ, ಯಮ, ಯಾತ್ರಾ. ಕನ್ನಡದಲ್ಲಿ ಜಸ, ಜವ (ಜವರಾಯ), ಜಾತ್ರೆ. ಯ ಜ ಆಗುವುದು ಶೌರಸೇನಿ, ಮಾಹಾರಾಷ್ಟ್ರಿಯಂಥ ಪ್ರಾಕೃತಗಳ ಗುಣ. ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಕೂಡಿಟ್ಟ ತದ್ಭವಗಳನ್ನು ಈ ಕಣ್ಣಿನಿಂದ ನೋಡಿದರೆ ದಾರಿ ಸ್ಪಷ್ಟವಾಗುತ್ತದೆ.

ನಮ್ಮ ನೆಲದ ಅಶೋಕ ಶಾಸನಗಳ ಭಾಷೆಯೂ ಪಾಲಿಯಲ್ಲ, ಪ್ರಾಕೃತ. ಬ್ರಹ್ಮಗಿರಿಯಲ್ಲಿ ‘ಸಚಂ ವತವಿಯಂ’ ಎಂದಿದೆ, ಸತ್ಯವನ್ನೇ ನುಡಿಯಬೇಕು ಎಂದು. ಪಾಲಿಯಲ್ಲಾದರೆ ‘ಸಚ್ಚಂ ವತ್ತಬ್ಬಂ’. ಚಕಾರಕ್ಕೆ ಒತ್ತಿಲ್ಲದ್ದು ಬರವಣಿಗೆಯ ರೂಢಿ: ಅಶೋಕನ ಬ್ರಾಹ್ಮಿಯಲ್ಲಿ ಸಜಾತಿ ಒತ್ತು ಬರೆಯುತ್ತಿರಲಿಲ್ಲ. ‘ತವಿಯ’ಕ್ಕೂ ‘ತಬ್ಬ’ಕ್ಕೂ ಇರುವ ಅಂತರ ಮಾತ್ರ ಭಾಷೆಯದೇ.

ಪ್ರಶ್ನೆ: ‘ಪುಚ್ಛತಿ’ (ಕೇಳುತ್ತಾನೆ) ಎಂಬ ಕ್ರಿಯಾಪದವನ್ನು ನಿಘಂಟಿನಲ್ಲಿ ಎಲ್ಲಿ ಹುಡುಕಲಿ?

ಉತ್ತರ: ಪಾಲಿ ಟೆಕ್ಸ್ಟ್ ಸೊಸೈಟಿಯ ನಿಘಂಟಿನಲ್ಲಿ (1921–25) ‘ಪುಚ್ಛತಿ’ ಎಂದೇ ಇರುತ್ತದೆ, ಏಕೆಂದರೆ ಅಲ್ಲಿ ವರ್ತಮಾನದ ಪ್ರಥಮಪುರುಷ ಏಕವಚನವೇ ತಲೆಪದ. ಮೋನಿಯರ್ ವಿಲಿಯಮ್ಸ್‌ರ ಸಂಸ್ಕೃತ ನಿಘಂಟಿನಲ್ಲಾದರೆ ಧಾತುವಿಗೇ ಹೋಗಬೇಕು, ಅಂದರೆ ‘ಪ್ರಛ್’. ಪಾಲಿ ನಿಘಂಟು ಕೊಡುವ ಸಂಸ್ಕೃತ ಮೂಲವನ್ನು ಸುಳಿವೆಂದು ತೆಗೆದುಕೊಳ್ಳಿ. ಅದರ ಕೆಳಗೆ ಕೊಟ್ಟ ಸುತ್ತಗಳ ಉಲ್ಲೇಖಗಳನ್ನು ತೆರೆದು ನೋಡದೆ ಅರ್ಥ ನಿಶ್ಚಯಿಸಬೇಡಿ.