ಹೊಸ ಕಥೆಗಾರ್ತಿಗೆ ಸಂಪಾದಕರ ಉತ್ತರ: ‘ನೀಲಿ’ಯ ಅರ್ಥ ಯಾರ ಕೈಲಿದೆ?

ಪ್ರಿಯ ಕಥೆಗಾರ್ತಿಗೆ,

ನಿಮ್ಮ ‘ಕೊನೆ ಕಾಲುವೆ’ ಕಥೆ ತಲುಪಿತು. ಎರಡು ಸಲ ಓದಿದೆ. ಮಾನ್ವಿ ಕಡೆಯ ಊರು, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರು ಮುಟ್ಟದೆ ಒಣಗಿದ ಭತ್ತ. ಸಾಲ ತೀರಿಸಲು ಹೊಳೆಯಾಚೆ ಸಿರುಗುಪ್ಪದ ಹತ್ತಿರ ಇದ್ದ ತುಂಡು ಹೊಲ ಮಾರುವ ಅಪ್ಪ. ವಸ್ತು ಗಟ್ಟಿಯಾಗಿದೆ. ನಡುರಾತ್ರಿ ನೀರು ಬಂತೆಂದು ಅವ್ವ ಬ್ಯಾಟರಿ ಹಿಡಿದು ತೂಬಿನ ಕಡೆ ಓಡುವ ಭಾಗ ಚೆನ್ನಾಗಿದೆ. ಇನ್ನು ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ.

ಕಥೆಯ ಕೊನೆಗೆ ನೀವೊಂದು ಪದಪಟ್ಟಿ ಇಟ್ಟಿದ್ದೀರಿ. ಅದರಲ್ಲಿ 14 ಪದಗಳಿವೆ. ‘ನೀಲಿ’ ಎಂದರೆ ಸಾಲದ ನಾಚಿಕೆಯಂತೆ. ‘ಉಪ್ಪು’ ಎಂದರೆ ಕಾಯುವುದಂತೆ. ‘ಬಾಗಿಲು’ ಎಂದರೆ ಅಜ್ಜಿಯ ಸಿಟ್ಟಂತೆ. ಜೊತೆಗಿನ ಪತ್ರದಲ್ಲಿ ಹೀಗೆ ಬರೆದಿದ್ದೀರಿ: “ಪದಕ್ಕೆ ಅರ್ಥ ಕೊಡುವುದು ಬರೆಯುವವರ ಹಕ್ಕು. ನಮ್ಮ ಭಾಗದ ಕನ್ನಡದಲ್ಲಿ ಈ ಭಾವನೆಗಳಿಗೆ ಪದಗಳಿಲ್ಲ. ಅದಕ್ಕೆ ನಾನೇ ಮಾಡಿಕೊಂಡೆ.” ಇದನ್ನು ಓದಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಸಿಟ್ಟು ಆರಲಿ ಅಂತ ಒಂದು ವಾರ ಪತ್ರ ಪಕ್ಕಕ್ಕಿಟ್ಟೆ. ಆರಲಿಲ್ಲ.

ನಿಮ್ಮ ಸಾಲುಗಳನ್ನೇ ನೋಡೋಣ. ಮೂರನೇ ಪುಟದಲ್ಲಿ, “ಅಪ್ಪ ಕಟ್ಟೆಯ ಮೇಲೆ ನೀಲಿಯಾಗಿ ಕೂತಿದ್ದ.” ಪಟ್ಟಿ ನೋಡಿಕೊಂಡು ಓದಿದರೆ ಸರಿ, ಅಪ್ಪನಿಗೆ ಸಾಲದ ನಾಚಿಕೆ. ಒಂಬತ್ತನೇ ಪುಟದಲ್ಲಿ, “ಅವ್ವನ ದನಿಯಲ್ಲಿ ನೀಲಿ ಏರಿತು, ತಟ್ಟೆ ಎತ್ತಿ ಒಗೆದಳು.” ಇಲ್ಲಿ ನಾಚಿಕೆ ಎಲ್ಲಿದೆ? ಇದು ಕೋಪ. ಹದಿಮೂರನೇ ಪುಟದಲ್ಲಿ, “ಹೊಲ ಮಾರಿ ಬಂದ ದಿನ ಮನೆಯೆಲ್ಲ ನೀಲಿ.” ಇದು ದುಃಖ ಇರಬೇಕು, ಅಥವಾ ಹಗುರಾದ ಭಾವ. ನನಗೆ ತಿಳಿಯಲಿಲ್ಲ. ನಿಮ್ಮ ಪದವೇ ನಿಮ್ಮ ಕೈಯಲ್ಲಿ ಮೂರು ಸಲ ಬೇರೆಯಾಯಿತು. ನಿಮಗೆ ಅದು ಗೊತ್ತೇ ಆಗಲಿಲ್ಲ. ಗೊತ್ತಾಗುವುದಾದರೂ ಹೇಗೆ? “ಏ, ಇದು ನೀಲಿ ಅಲ್ಲ” ಅಂತ ತಡೆಯುವವರು ಆ ಪದದ ಸುತ್ತ ಯಾರೂ ಇಲ್ಲ.

ವಿಟ್‌ಗೆನ್‌ಸ್ಟೈನ್ ಎಂಬ ಚಿಂತಕ ಇದನ್ನೇ ಹಿಡಿದು ಯೋಚಿಸಿದ. ಅವನು ತೀರಿಕೊಂಡ ಮೇಲೆ, 1953ರಲ್ಲಿ ಅಚ್ಚಾದ ಪುಸ್ತಕದಲ್ಲಿ ಒಂದು ಉದಾಹರಣೆ ಬರುತ್ತದೆ. ಒಬ್ಬನಿಗೆ ಒಳಗೆ ಏನೋ ಒಂದು ಅನುಭವ ಆಗುತ್ತದೆ. ಅದು ಆದಾಗಲೆಲ್ಲ ಕ್ಯಾಲೆಂಡರಿನಲ್ಲಿ ‘ಎಸ್’ ಎಂದು ಬರೆಯುತ್ತಾನೆ. ಇಂದಿನ ‘ಎಸ್’ ನಿನ್ನೆಯದೇ ಎಂದು ನೋಡುವುದು ಹೇಗೆ? ಅವನಿಗೆ ಹಾಗೆ ಅನ್ನಿಸಿದರೆ ಅದೇ ಸರಿ. ಅನ್ನಿಸಿದ್ದೆಲ್ಲ ಸರಿ ಆಗುವ ಕಡೆ ಸರಿ ಎಂಬ ಮಾತಿಗೇ ಅರ್ಥ ಇರುವುದಿಲ್ಲ. ನಿಮ್ಮ ‘ನೀಲಿ’ ಆ ಕ್ಯಾಲೆಂಡರಿನ ಗುರುತಿನ ಹಾಗೆಯೇ ಆಗಿದೆ.

ಎರಡನೆಯದು ಇನ್ನೂ ನೋವಿನದು. ಊರಿನವರು ಕೂಡಿ ಮಾಡಿಕೊಂಡ ಪದಗಳನ್ನು ನೀವು ಕಡೆಗಣಿಸಿದ್ದೀರಿ. “ಈ ಸಲ ನಲವತ್ತು ಮೂಟೆ ಬರುತ್ತಿತ್ತು” ಎಂದು ನಿಮ್ಮ ಅಪ್ಪನ ಪಾತ್ರ ಹೇಳುತ್ತದೆ. ಮಾನ್ವಿಯಲ್ಲಿ ಯಾವ ರೈತ ಮೂಟೆ ಅಂತಾನೆ? ಚೀಲ ಅಂತಾನೆ. ಆ ಚೀಲ ಸುಮ್ನೆ ಗೋಣಿಚೀಲ ಅಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ವ್ಯಾಪಾರದಲ್ಲಿ ಚೀಲ ಅಂದರೆ 75 ಕೆ.ಜಿ. ಅದೇ ರೈತ ಅದೇ ದಿನ ಗೊಬ್ಬರದ ಅಂಗಡಿಯಲ್ಲಿ ಒಂದು ಚೀಲ ಯೂರಿಯಾ ಕೇಳಿದರೆ 45 ಕೆ.ಜಿ. ಮನೆ ಕಟ್ಟುವವನು ಒಂದು ಚೀಲ ಸಿಮೆಂಟ್ ಕೇಳಿದರೆ 50. ಯಾರೂ ಯಾರಿಗೂ ವಿವರಿಸುವುದಿಲ್ಲ. ಯಾವ ಅಂಗಡಿ, ಯಾವ ಮಾಲು, ಯಾರ ನಡುವೆ ಮಾತು ಎಂಬುದೇ ಅರ್ಥವನ್ನು ಗಟ್ಟಿ ಮಾಡುತ್ತದೆ. ಇದನ್ನು ಯಾರೋ ಒಬ್ಬರು ಕೂತು ತೀರ್ಮಾನಿಸಿದ್ದಲ್ಲ. ತೂಕದಲ್ಲಿ ಜಗಳ ಆಗಿ, ಮತ್ತೆ ಕೂಡಿ, ವರ್ಷಾನುಗಟ್ಟಲೆ ಕೊಟ್ಟು ತಗೊಂಡು ನಿಂತ ಅರ್ಥ ಅದು.

ಮುಂದಿನ ಪುಟದಲ್ಲಿ ಅಪ್ಪ ಸಿರುಗುಪ್ಪದ ಹೊಲದ “ಹತ್ತು ಗುಂಟೆ” ಮಾರುತ್ತಾನೆ. ಕೊಳ್ಳುವವನೂ ಗುಂಟೆ ಎಂದೇ ಮಾತಾಡುತ್ತಾನೆ. ಹೊಳೆಯ ಆ ದಂಡೆಯಲ್ಲಿ ಲೆಕ್ಕ ಸೆಂಟಿನಲ್ಲಿ. ಸಿರುಗುಪ್ಪ ಸೇರಿದ ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿನ ಕಡೆ ಇತ್ತು. ಎಕರೆಗೆ 100 ಸೆಂಟ್ ಎಂಬ ಅಲ್ಲಿನ ಲೆಕ್ಕ ಹಾಗೇ ಉಳಿಯಿತು. ನಮ್ಮ ರಾಯಚೂರು ನಿಜಾಮರ ಹೈದರಾಬಾದಿನಲ್ಲಿತ್ತು, ಇಲ್ಲಿ ಎಕರೆಗೆ 40 ಗುಂಟೆ. ನಿಮ್ಮ ಅಪ್ಪನ ಪಾತ್ರ ಹತ್ತು ಗುಂಟೆ ಎಂದರೆ ಎದುರಿಗೆ ಕೂತವನು ಮನಸ್ಸಿನಲ್ಲೇ 25 ಸೆಂಟ್ ಎಂದು ಎಣಿಸಬೇಕು. ಆ ಎಣಿಕೆಯಲ್ಲಿ ಒಂದು ಗಳಿಗೆ ಅಪ್ಪ ಒಬ್ಬಂಟಿಯಾಗುತ್ತಾನೆ, ತನ್ನ ಹೊಲವನ್ನು ಬೇರೆಯವರ ಮಾತಿನಲ್ಲಿ ಅಳೆಸಿಕೊಳ್ಳುತ್ತಾನೆ. ಎಂಥ ದೃಶ್ಯ ಕೈತಪ್ಪಿದೆ ನೋಡಿ! ನೀವು ‘ನೀಲಿ’ಯಿಂದ ಹೇಳಲು ಹೊರಟ ನಾಚಿಕೆ ಆ ಲೆಕ್ಕದಲ್ಲೇ ಇತ್ತಲ್ವಾ?

ನಾನು ಕೆಲಸ ಕಲಿತದ್ದು ರಾಯಚೂರಿನ ಒಂದು ಸಣ್ಣ ಪತ್ರಿಕೆಯಲ್ಲಿ. ಕವಿತೆ ಬರೆಯುವ ಆಸೆಯಿಂದ ಹೋದವನಿಗೆ ಕೊಟ್ಟದ್ದು ಪೇಟೆ ಧಾರಣೆ ತರುವ ಕೆಲಸ. ದಿನಾ ಸಂಜೆ ಗಂಜ್‌ಗೆ ಹೋಗಿ ಹತ್ತಿ, ಶೇಂಗಾ, ತೊಗರಿಯ ರೇಟು ಬರೆದು ತರಬೇಕು. ನಮ್ಮ ಹಿರಿಯ ಸಂಪಾದಕರು ಬರೆದದ್ದನ್ನು ನೇರ ಅಚ್ಚಿಗೆ ಕಳಿಸುತ್ತಿರಲಿಲ್ಲ. ಕೆಳಗೆ ಚಹಾ ಅಂಗಡಿಯಲ್ಲಿ ಕೂತ ಹಮಾಲರ ಮುಂದೆ ಗಟ್ಟಿಯಾಗಿ ಓದು ಅನ್ನುತ್ತಿದ್ದರು. ಹಮಾಲರು ಹುಬ್ಬು ಗಂಟಿಕ್ಕಿದ ಕಡೆ ಸಂಪಾದಕರು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಹಮಾಲರಿಗೆ ವ್ಯಾಕರಣ ಗೊತ್ತಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಯಾವತ್ತೂ ಬರಲಿಲ್ಲ. ಆ ಪದಗಳನ್ನು ಹೊತ್ತು ಬದುಕುವವರು ಅವರು, ಯಜಮಾನರು ಅವರೇ, ಅನ್ನುತ್ತಿದ್ದರು.

ಒಮ್ಮೆ ನನ್ನನ್ನು ದನದ ಸಂತೆಗೂ ಕರೆದುಕೊಂಡು ಹೋದರು. ದಲ್ಲಾಳಿಯೂ ಕೊಳ್ಳುವವನೂ ಟವೆಲ್ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ಹತ್ತಿರ ನಿಂತು ನೋಡು ಅಂದರು. ಒಂದು ಬೆರಳು ಹಿಡಿದರೆ ಸಾವಿರವೂ ಇರಬಹುದು, ಹತ್ತು ಸಾವಿರವೂ ಇರಬಹುದು. ಅವರಿಬ್ಬರಿಗೆ ಗೊಂದಲವಿಲ್ಲ. ಎದುರಿಗಿರುವ ಜೋಡಿ ಎತ್ತು ಯಾವ ಬೆಲೆಯದು ಎಂದು ಇಬ್ಬರಿಗೂ ಗೊತ್ತು, ಹಿಡಿಯುವ ರೂಢಿಯೂ ಗೊತ್ತು. “ನನ್ನ ಬೆರಳು, ಒಂದಕ್ಕೆ ಏಳು ಅಂತ ಇಟ್ಟುಕೊಂಡಿದ್ದೇನೆ” ಅಂತ ಒಬ್ಬ ಹೇಳಿದರೆ ಆ ಸಂತೆಯಲ್ಲಿ ಅವನ ಕೈ ಯಾರೂ ಹಿಡಿಯುವುದಿಲ್ಲ. ನಿಮ್ಮ ಪದಪಟ್ಟಿ ಓದಿದಾಗ ಆ ಸಂತೆ ನೆನಪಾಯಿತು.

ಇನ್ನು, ನಮ್ಮ ಭಾಗದಲ್ಲಿ ಪದಗಳಿಲ್ಲ ಎಂಬ ಮಾತು. ಇದನ್ನು ನಾನು ಒಪ್ಪುವುದೇ ಇಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ. ಅದರಲ್ಲಿ ಒಂದು ಕೊಪಣ, ನಮ್ಮ ಪಕ್ಕದ ಕೊಪ್ಪಳ. ದೇಸಿ ಮಾತು ಊರಿಂದೂರಿಗೆ ಎಷ್ಟು ಬೇರೆ ಎಂದರೆ ವಾಸುಕಿಯೂ ಬೇಸತ್ತಾನು ಎಂದೂ ಅದೇ ಗ್ರಂಥ ಹೇಳುತ್ತದೆ. ಅಂಥ ನೆಲದಲ್ಲಿ ಕೂತು ಪದವಿಲ್ಲ ಅನ್ನುತ್ತೀರಲ್ಲ! ಸಾಲ ಕೊಟ್ಟವನು ಬಂದು ಕಟ್ಟೆಯ ಮೇಲೆ ಕೂತಾಗ ನಮ್ಮ ಹೆಂಗಸರು ಏನನ್ನುತ್ತಾರೆ? “ಊರಾಗ ಮಾರಿ ಎತ್ತಿ ಅಡ್ಡಾಡ್ಲಾರದಂಗಾತು.” ಮೈಸೂರಿನವರಿಗೆ ಮಾರಿ ಎಂದರೆ ದೇವತೆ. ನಮಗೆ ಅದು ಮುಖ. ಈ ಒಂದು ಮಾತಿನಲ್ಲಿ ಸಾಲ, ಊರು, ನೋಡುವ ಕಣ್ಣುಗಳು ಎಲ್ಲ ಇವೆ. ನಿಮ್ಮ ಕಥೆಯ ಅವ್ವ ಇದನ್ನು ಒಮ್ಮೆಯೂ ಹೇಳುವುದಿಲ್ಲ.

ಹೊಸ ಅರ್ಥ ಹುಟ್ಟಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ‘ಹತ್ತೊಂಬತ್ತನೇ ಗೇಟ್’ ಎಂಬ ಮಾತನ್ನೇ ನೋಡಿ. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ ಅದೂ ಒಂದು ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ಅದು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರು ಕಣ್ಣೆದುರೇ ಹೊಳೆಗೆ ಹರಿಯಿತು. ನಾಟಿ ಮಾಡಿದ್ದವರೆಲ್ಲ ಬೆಳೆ ಏನಾಗುತ್ತದೋ ಎಂದು ಒಟ್ಟಿಗೆ ಹೆದರಿದರು. ಈಗ ಗಂಗಾವತಿಯಿಂದ ರಾಯಚೂರಿನವರೆಗೆ ಆ ಎರಡು ಪದ ಹೇಳಿದರೆ ಸಾಕು, ಆ ಹೆದರಿಕೆ ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನೂ ಹಳೆಯದು ಬೇಕಾದರೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರನ್ನು ನೆನೆಸಿಕೊಳ್ಳಿ. ಕಾಯಕ ಎಂಬ ಪದಕ್ಕೆ ಹನ್ನೆರಡನೇ ಶತಮಾನದ ಶರಣರು ಹೊಸ ಅರ್ಥ ತುಂಬಿದರು. ಪದಪಟ್ಟಿ ಬರೆದಿಟ್ಟು ತುಂಬಲಿಲ್ಲ. ಮಾರಯ್ಯ ದಿನಾ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಜಾಸ್ತಿ ತಂದಾಗ ಲಕ್ಕಮ್ಮ, ಇದು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದಳು. ಕಾಯಕ ಎಂದರೆ ಯಾವುದು, ಯಾವುದು ಅಲ್ಲ ಎಂಬುದನ್ನು ಜನ ಹೀಗೆ ಕಣ್ಣಾರೆ ಕಂಡರು. ತಪ್ಪಿದಾಗ ತಿದ್ದುವವಳು ಮನೆಯಲ್ಲೇ ಇದ್ದಳು.

ಮಗು ಪದ ಕಲಿಯುವ ಬಗೆಯನ್ನು ಮೀಮಾಂಸಕರು, ಅಂದರೆ ವೇದವಾಕ್ಯಗಳ ಅರ್ಥ ವಿಚಾರಿಸಿದ ಹಳೆಯ ಚಿಂತಕರು, ಹೀಗೆ ವಿವರಿಸುತ್ತಾರೆ. ಹಿರಿಯ “ಹಸು ತಾ” ಅನ್ನುತ್ತಾನೆ, ಕಿರಿಯ ತರುತ್ತಾನೆ. ಆಮೇಲೆ “ಹಸು ಕಟ್ಟು, ಕುದುರೆ ತಾ” ಅನ್ನುತ್ತಾನೆ. ಪಕ್ಕದಲ್ಲಿ ನಿಂತ ಮಗು ನೋಡಿ ನೋಡಿ ಯಾವ ಪದ ಯಾವುದಕ್ಕೆ ಎಂದು ಬಿಡಿಸಿಕೊಳ್ಳುತ್ತದೆ. ನಿಮ್ಮ ಓದುಗರನ್ನೂ ಹಾಗೆ ಪಕ್ಕದಲ್ಲಿ ನಿಲ್ಲಿಸಿ. ನಿಮಗೆ ‘ನೀಲಿ’ ಬೇಕೇ ಬೇಕೆಂದರೆ ಆ ಮನೆಯಲ್ಲಿ ಅದು ಹೇಗೆ ಬಂತು ತೋರಿಸಿ. ಬಡ್ಡಿಯವನು ನೀಲಿ ಬೈಕಿನಲ್ಲಿ ಬರುತ್ತಿದ್ದನೋ ಏನೋ. ಮೊದಲು ತಂಗಿ ಅನ್ನಲಿ, ಆಮೇಲೆ ಅವ್ವ ಅನ್ನಲಿ. ಒಬ್ಬರು ತಪ್ಪಾಗಿ ಬಳಸಿದಾಗ ಇನ್ನೊಬ್ಬರು ತಡೆಯಲಿ. ಅಪ್ಪನ ಎದುರು ಆ ಪದ ಆಡಬಾರದೆಂದು ಎಲ್ಲರೂ ತಿಳಿದುಕೊಳ್ಳಲಿ. ನಾಲ್ಕನೇ ಸಲ ಬರುವ ಹೊತ್ತಿಗೆ ಓದುಗರೂ ಆ ಮನೆಯವರಾಗಿರುತ್ತಾರೆ.

‘ಉಪ್ಪು’, ‘ಬಾಗಿಲು’ ಎರಡನ್ನೂ ಬಿಟ್ಟುಬಿಡಿ. ಒಂದು ಕಥೆ ಅಷ್ಟೊಂದು ಹೊರಲಾರದು. ಪದಪಟ್ಟಿ ಹರಿದು ಹಾಕಿ. ಮೂಟೆಯನ್ನು ಚೀಲ ಮಾಡಿ. ಹೊಲ ಮಾರುವ ದೃಶ್ಯವನ್ನು ಗುಂಟೆ ಮತ್ತು ಸೆಂಟಿನ ನಡುವೆ ಇಟ್ಟು ಹೊಸದಾಗಿ ಬರೆಯಿರಿ. ಬರೆದ ಮೇಲೆ ನಿಮ್ಮ ಮನೆಯವರ ಮುಂದೆ, ಆಗದಿದ್ದರೆ ಊರಿನ ಚಹಾ ಅಂಗಡಿಯಲ್ಲಿ, ಗಟ್ಟಿಯಾಗಿ ಓದಿ. ಅವರು ತಡೆದ ಸಾಲುಗಳ ಪಕ್ಕ ಗುರುತು ಹಾಕಿ. ಆ ಗುರುತುಗಳಿರುವ ಪ್ರತಿಯನ್ನೇ ನನಗೆ ಕಳಿಸಿ. ದೀಪಾವಳಿ ಸಂಚಿಕೆಯಲ್ಲಿ ನಿಮ್ಮ ಕಥೆಗೆ ಜಾಗ ಹಿಡಿದಿಟ್ಟಿದ್ದೇನೆ.

ನಿಮ್ಮ
ಸಂಪಾದಕ, ರಾಯಚೂರು